ತಂದ ಮಾದರಿಗೆ ಮಾತ್ರ

ಬಳ್ಳಾರಿಯ ಗಾಂಧಿನಗರದ ಹೋಟೆಲೊಂದರ ಮೇಲ್ಮಹಡಿಯಲ್ಲಿ ನಮ್ಮ ಪ್ರಯೋಗಾಲಯದ ಹನ್ನೊಂದು ಜನ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಕೂತಿದ್ದರು. ಹೃದಯ ಎಲ್ಲಿದೆ ಎಂಬುದು ಹೆಚ್ಚಿನವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರ ಕೈ ಹೆಗಲ ಹತ್ತಿರವೇ ಇತ್ತು. ಹನ್ನೆರಡನೆಯವಳಾದ ನಾನು ಕಣ್ಣು ಬಿಟ್ಟುಕೊಂಡು ಇದನ್ನೆಲ್ಲ ಎಣಿಸುತ್ತಿದ್ದೆ.

"ನಿಮ್ಮೊಳಗ ಒಂದು ಬೆಂಕಿ ಐತಿ," ಎಂದು ಜಂಬುನಾಥ ಮೈಕಿನಲ್ಲಿ ಪಿಸುಗುಟ್ಟಿದ. "ಅದಕ್ಕ ಗಾಳಿ ಊದ್ರಿ."

ಜಂಬುನಾಥ ನನ್ನ ಊರಾದ ಕುರುಗೋಡಿನವನೇ, ಬಿ.ಎಸ್ಸಿ.ಯಲ್ಲಿ ಸಹಪಾಠಿ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಕ್ಕದ ಮೇಜಿನಿಂದ ಬಗ್ಗಿ, ಯಾವ ಬಣ್ಣ ಬಂದಾಗ ನಿಲ್ಲಿಸಬೇಕೆಂದು ಕೇಳಿದ್ದ. ನೀಲಿ ಹೋಗಿ ಹಸಿರು ಬಂದ ಹನಿಗೇ ನಿಲ್ಲಿಸು ಎಂದೆ. ಅವನು ಹಸಿರು ದಾಟಿ ಅರ್ಧ ಬ್ಯುರೆಟ್ ಸುರಿದು, ನನ್ನ ಪುಸ್ತಕದ ಅಂಕಿಯನ್ನು ಬರೆದುಕೊಂಡು ಪಾಸಾದ. ಆಮೇಲೆ ಸೋಲಾರ್ ಹೀಟರು ಮಾರಿದ, ವಿಮೆ ಮಾರಿದ. ಈಗ ಒಳಗಿನ ಬೆಂಕಿ ಮಾರುತ್ತಾನೆ.

ಅವನನ್ನು ಕರೆಸಿದ್ದು ನಮ್ಮ ಮಾಲೀಕರಾದ ದೊಡ್ಡಬಸವರಾಜರು. ಮಣ್ಣು ಪರೀಕ್ಷೆ ಮಾಡುವ ನಮ್ಮ ಖಾಸಗಿ ಪ್ರಯೋಗಾಲಯದಲ್ಲಿ ಆಸಿಡ್ ಹೊಗೆ ಹೊರಗೆ ಹಾಕುವ ಫ್ಯಾನು ಕೆಟ್ಟು ಎರಡು ವರ್ಷವಾಗಿತ್ತು. ಅದರ ಬಗ್ಗೆ ನಾನು ಮೂರು ಪತ್ರ ಬರೆದಿದ್ದೆ. ಸಿಬ್ಬಂದಿ ತಡವಾಗಿ ಬರುವುದಕ್ಕೂ ಕೆಮ್ಮುವುದಕ್ಕೂ ಸ್ಫೂರ್ತಿಯ ಕೊರತೆಯೇ ಕಾರಣ ಎಂದು ಅವರು ತೀರ್ಮಾನಿಸಿದ್ದರು.

ಕಣ್ಣು ಬಿಟ್ಟ ಮೇಲೆ, ಬೆಳಿಗ್ಗೆ ನೀವು ಯಾಕೆ ಏಳುತ್ತೀರಿ ಎಂದು ಚೀಟಿಯಲ್ಲಿ ಒಂದೇ ಮಾತಿನಲ್ಲಿ ಬರೆಯಬೇಕಿತ್ತು. ಹನ್ನೊಂದು ಜನ 'ಅಮ್ಮನಿಗಾಗಿ' ಎಂದು ಬರೆದರು. ಅವರಲ್ಲಿ ಒಬ್ಬಳು ತಾಯಿಯ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ನಾನು 'ಅಲಾರಂ' ಎಂದು ಬರೆದೆ. ಜಂಬುನಾಥ ಅದನ್ನು ಗಟ್ಟಿಯಾಗಿ ಓದಿ, ಮರುಕದಿಂದ ತಲೆಯಾಡಿಸಿ, "ಈ ಅಕ್ಕಾರ ಬೆಂಕಿ ಆರೇತಿ, ಎಲ್ಲಾರೂ ಚಪ್ಪಾಳಿ ತಟ್ಟಿ ಹಚ್ಚೋಣ," ಎಂದ. ತಟ್ಟಿದರು. ನನ್ನ ಮೂವತ್ತಾರು ವರ್ಷಗಳಲ್ಲಿ ನನಗೆ ಬಿದ್ದ ಅತಿ ದೀರ್ಘ ಚಪ್ಪಾಳೆ ಅದು.

ಚಹಾದ ಹೊತ್ತಿಗೆ ಅವನು ಹತ್ತಿರ ಬಂದ.

"ಏನ್ ಯಶೋಧರಾ, ಇನ್ನೂ ಹಂಗ ಅದೀಯಲ್ಲ, ಮಾರಿ ಗಂಟು ಹಾಕ್ಕೊಂಡು?"

"ನೀನೂ ಹಂಗ ಅದೀಯಲ್ಲ, ಇನ್ನೊಬ್ಬರ ರೀಡಿಂಗ್ ಬರಕೊಂಡು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನಿಗೆ ಯಾವ ಮಾತೂ ತಾಗುವುದಿಲ್ಲ. ಪ್ರಾಯಶಃ ಅವನು ಬೆಂಕಿ ಎನ್ನುವುದು ಇದನ್ನೇ ಇರಬೇಕು.

ಆದರೆ ಆ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಒಂಬತ್ತು ವರ್ಷದಿಂದ ಪಾರ್ವತಿನಗರದ ಬಾಡಿಗೆ ಕೋಣೆಯಿಂದ ದಿನವೂ ನಡೆದು ಬಂದು, ಮಣ್ಣು ಅಳೆಯುವ ಮೀಟರು ಒರೆಸಿ, ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತ ಕೆಲಸ ಮಾಡಿದ್ದೆ. ತಿರಸ್ಕಾರ ಅನುಕೂಲದ ಕುರ್ಚಿ. ಅದರಲ್ಲಿ ಕೂತವರು ಏಳುವ ಕಾರಣ ಹುಡುಕುವುದಿಲ್ಲ.

ಮರುದಿನ ಕರೂರಿನ ಮಣ್ಣು ಬಂತು. ಸಿರುಗುಪ್ಪ ತಾಲ್ಲೂಕಿನ ಆ ಊರಲ್ಲಿ ಕಾಲುವೆ ನೀರಿನ ಭತ್ತ. ಕಾಲುವೆಯ ತುದಿಯ ಹೊಲಗಳಲ್ಲಿ ನೀರು ಬಸಿಯದೆ ನಿಂತು, ಉಪ್ಪು ಮೇಲೆ ಬಂದು, ನೆಲ ಸವಳಾಗುತ್ತದೆ. ನಾಟಿ ಮಾಡಿದ ಸಸಿ ಸುಟ್ಟಂತೆ ಕೆಂಪಾಗಿ ಸಾಯುತ್ತದೆ. ಅದಕ್ಕೆ ಮದ್ದು ಜಿಪ್ಸಂ. ಒಂದು ಕಂಪನಿ ಅಂಥ ಹೊಲಗಳಿಗೆ ಜಿಪ್ಸಂ ಪುಕ್ಕಟೆ ಕೊಡುವುದಾಗಿ ಹೇಳಿತ್ತು. ಯಾರಿಗೆ ಕೊಡಬೇಕು ಎಂಬುದು ನಮ್ಮ ವರದಿಯ ಮೇಲೆ. ಮಣ್ಣಿನ ಪಿಎಚ್ ಅಂಕಿ ಏಳಾದರೆ ಸಮ, ಎಂಟೂವರೆ ದಾಟಿದರೆ ಸವಳು, ಜಿಪ್ಸಂ ಸಿಗುತ್ತದೆ. ನಲವತ್ಮೂರು ರೈತರ ನಲವತ್ಮೂರು ಬಟ್ಟೆಚೀಲಗಳು. ಮಣ್ಣು ಸ್ವಚ್ಛವಾಗಿತ್ತು, ಬೇರಿಲ್ಲ, ಕಡ್ಡಿಯಿಲ್ಲ, ಕಲ್ಲಿಲ್ಲ. ಕೊನೆಗೂ ಈ ಜನ ಕಲಿತರಲ್ಲ ಎಂದುಕೊಂಡು ರಿಜಿಸ್ಟರಿನಲ್ಲಿ 'ಮಾದರಿ ಉತ್ತಮ' ಎಂದು ಬರೆದೆ.

ಮೊದಲ ಚೀಲದ್ದು 7.61 ಬಂತು. ಎರಡನೆಯದು 7.58, ಮೂರನೆಯದು 7.60. ಹನ್ನೆರಡನೆಯ ಚೀಲಕ್ಕೆ ಬರುವಾಗ ನನಗೆ ಮೀಟರಿನ ಮೇಲೆ ಅನುಮಾನ ಬಂತು. ನಿಲ್ಲಿಸಿ, ಅದರ ಗಾಜಿನ ಕಡ್ಡಿ ತೊಳೆದು, ಅಂಕಿ ಗೊತ್ತಿರುವ ದ್ರಾವಣಗಳಲ್ಲಿ ಅದ್ದಿದೆ. ಸರಿಯಿತ್ತು. ತಾಳೆ ನೋಡಲೆಂದು ಜಾಡಿಯಲ್ಲಿ ಇಟ್ಟುಕೊಂಡಿರುವ, ಕುರುಗೋಡಿನ ನಮ್ಮ ಮೆಣಸಿನಕಾಯಿ ಹೊಲದ ಮಣ್ಣನ್ನು ಅಳೆದೆ. ಯಾವಾಗಿನಂತೆ 8.1. ಮೀಟರು ಸುಳ್ಳು ಹೇಳುತ್ತಿರಲಿಲ್ಲ. ನಲವತ್ಮೂರೂ ಮುಗಿದಾಗ ಅತಿ ಕಡಿಮೆ 7.57, ಅತಿ ಹೆಚ್ಚು 7.64. ಒಂದೇ ಹೊಲದ ಎರಡು ಮೂಲೆಗಳ ನಡುವೆ ಕೂಡ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ.

ಚೀಲ ತಂದವನಾದ ಮಾರೇಶನನ್ನು ಕರೆದೆ. ಹಳ್ಳಿಗಳಿಂದ ಮಾದರಿ ತರುವುದು ಅವನ ಕೆಲಸ.

"ಮಾರೇಶ, ಇವನ್ನ ಎಲ್ಲಿ ತುಂಬಿದಿ?"

"ಕರೂರಾಗರೀ ಮೇಡಂ."

"ಕರೂರಾಗ ಎಲ್ಲಿ? ಬಸ್‌ಸ್ಟಾಂಡ್ ಹಿಂದ, ನೆರಳು ನೋಡಿ?"

"ನಾನು ತುಂಬಿಲ್ರಿ. ಚೀಲ ಹಂಚಿದೆ, ಅವರ ತುಂಬಿ ಕೊಟ್ರು. ಆಟೋದಾಗ ಮೈಕ್ ಹಚ್ಚಿ ಹೇಳಿದ್ನಿಲ್ರಿ, ಬಳ್ಳಾರಿಗೆ ತೋರಸಾಕ ನಿಮ್ಮ ನಿಮ್ಮ ಮಣ್ಣಿನ ಸ್ಯಾಂಪಲ್ ತರ್ರಿ ಅಂತ."

"ನೀನು ಹೊಲಕ್ಕ ಹೋಗಲಿಲ್ಲ?"

"ಬಿಸಲು ಭಾಳ ಇತ್ರಿ."

"ಸುಳ್ಳು ಹೇಳಬ್ಯಾಡ. ಒಂದ ಗುಂಡಿ ಮಣ್ಣು ತುಂಬಿ ನಲವತ್ಮೂರು ಹೆಸರು ಬರದಿದಿ."

"ಊರಮ್ಮನ ಆಣಿ ಮಾಡ್ಲೇನ್ರಿ?"

"ಆಣಿ ಅಳಿಯಾಕ ನನ್ನ ಕಡಿ ಮೀಟರ್ ಇಲ್ಲ. ಹೋಗು."

ದೊಡ್ಡಬಸವರಾಜರಿಗೆ ಹೇಳಿದೆ. ಅವರು ಅಂಕಿಗಳ ಹಾಳೆಯನ್ನು ದೂರ ಹಿಡಿದು ನೋಡಿದರು.

"ನೀವು ಅಳದದ್ದು ಕರೆಕ್ಟ್ ಐತೋ ಇಲ್ಲೋ?"

"ಐತ್ರಿ."

"ಮತ್ತೇನ್ ಮೇಡಂ? ಕೆಳಗಿನ ಲೈನ್ ಓದ್ರಿ."

ನಮ್ಮ ಪ್ರತಿ ವರದಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ: 'ಈ ವರದಿ ತಂದ ಮಾದರಿಗೆ ಮಾತ್ರ ಅನ್ವಯಿಸುತ್ತದೆ.' ನಾನದನ್ನು ಓದಬೇಕಾಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಆ ಸಾಲನ್ನು ಬರೆದು ಕೊಟ್ಟವಳೇ ನಾನು, ಅದೂ ಹೆಮ್ಮೆಯಿಂದ.

"ಸೋಮವಾರ ಕಂಪನಿಗೆ ಕಳಿಸಬೇಕು. ಸಹಿ ಮಾಡಿಬಿಡ್ರಿ," ಎಂದರು. "ನಿಮಗ ಸ್ವಲ್ಪ ಉತ್ಸಾಹ ಕಮ್ಮಿ ಆಗೇತಿ. ಜಂಬುನಾಥ್ ಸರ್‌ಗೆ ಫೋನ್ ಮಾಡಾಕ ಹೇಳ್ತೀನಿ."

ಅವನು ಶನಿವಾರ ಸಂಜೆ ಮಾಡಿಯೂ ಮಾಡಿದ. "ನಿನ್ನ 'ಯಾಕೆ' ಅನ್ನೋದನ್ನ ಹುಡುಕು, ಯಶೋಧರಾ. ಅದು ಹೊರಗ ಸಿಗಂಗಿಲ್ಲ," ಎಂದ. ಎಂಟನೆಯ ನಿಮಿಷಕ್ಕೆ ಫೋನಿಟ್ಟೆ.

ಭಾನುವಾರ ಬೆಳಿಗ್ಗೆ ನಾನು ಸಿರುಗುಪ್ಪದ ಬಸ್ಸು ಹತ್ತಿದ್ದು ರೈತರ ಮೇಲಿನ ಕರುಣೆಯಿಂದಲ್ಲ. ಮಾರೇಶ ಕಳ್ಳನೆಂದು ಸಾಕ್ಷಿ ಸಮೇತ ತೋರಿಸಬೇಕಿತ್ತು. ತೋರಿಸಿ, ಸಹಿ ಹಾಕಲು ನಿರಾಕರಿಸಿ, ಇನ್ನೂ ಹಲವು ವರ್ಷ ಎಲ್ಲರನ್ನೂ ಕೀಳಾಗಿ ಕಾಣುವ ಹಕ್ಕು ಪಡೆಯಬೇಕಿತ್ತು. ಕೈಚೀಲದಲ್ಲಿ ಸ್ಟೀಲಿನ ಸ್ಕೇಲು, ಒಂದು ಖಾಲಿ ಬಟ್ಟೆಚೀಲ, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಕರೂರಿನಲ್ಲಿ ಇಳಿದಾಗ ಹತ್ತು ಗಂಟೆ. ಹದಿನೇಳನೆಯ ಚೀಲದ ಚೀಟಿಯನ್ನು ಆರಿಸಿಕೊಂಡಿದ್ದೆ. ಅದರಲ್ಲಿ ವಿಳಾಸ ಸರಿಯಾಗಿತ್ತು. ಹಂಪಮ್ಮ, ಕಾಲುವೆ ತುದಿ, ಎರಡು ಎಕರೆ.

ಹಂಪಮ್ಮ ಮನೆಯ ಮುಂದೆ ಬೇವಿನ ನೆರಳಿನಲ್ಲಿ ಇನ್ನಿಬ್ಬರು ಹೆಂಗಸರೊಂದಿಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಐವತ್ತರ ಆಸುಪಾಸು, ಒಣಗಿದ ಕಟ್ಟಿಗೆಯಂಥ ಮೈ. ಬಳ್ಳಾರಿಯಿಂದ ಮಣ್ಣಿನ ವಿಷಯಕ್ಕೆ ಬಂದಿದ್ದೇನೆ ಎಂದ ಕೂಡಲೇ ಮೊರ ಕೆಳಗಿಟ್ಟಳು.

"ಯಾಕವ್ವಾ, ಚಲೋ ಇರಲಿಲ್ಲೇನು?" ಹೆಣ್ಣು ನೋಡಿ ಹೋದವರ ಉತ್ತರಕ್ಕೆ ಕಾದ ತಾಯಿಯ ದನಿ ಅದು.

"ಭಾಳ ಚಲೋ ಇತ್ತು. ಅದಕ್ಕ ಬಂದೀನಿ."

ಅವಳು ಪಕ್ಕದವರ ಕಡೆ ತಿರುಗಿದಳು. "ನಾ ಹೇಳಿದ್ನಿಲ್ಲಬೇ? ಮೂರು ಸಲ ಜರಡಿ ಹಿಡದೀನಿ. ಒಂದು ಹಳ್ಳು ಬಿಟ್ಟಿಲ್ಲ."

"ಯಾರ ಹೊಲದ್ದು ಅದು?" ಎಂದೆ.

ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಂಪಮ್ಮ ಮಾತ್ರ ನೇರವಾಗಿ ಹೇಳಿದಳು. "ಮರಿಬಸಪ್ಪ ಗೌಡ್ರದು. ಕಾಲುವಿ ತಲಿಗೈತಲ್ಲ, ಆ ಹೊಲ. ಅವತ್ತು ಬದು ಕಟ್ಟಾಕ ನಾವೆಲ್ಲ ಅಲ್ಲಿ ಕೂಲಿಗೆ ಹೋಗಿದ್ವಿ. ಎಲ್ಲಾರ ಮನಿ ಚೀಲಾನೂ ಅಲ್ಲೇ ತುಂಬಿಕೊಂಡು ಬಂದ್ವಿ."

"ನಿಮ್ಮ ಹೊಲದ್ದು ಯಾಕ ತರಲಿಲ್ಲ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲವ್ವಾ, ಓದಿದಾಕಿ ಅದೀ. ಮಿಲ್ಲಿಗೆ ನೆಲ್ಲಿನ ಸ್ಯಾಂಪಲ್ ಒಯ್ಯೋವಾಗ ಜೊಳ್ಳು ಹಿಡಕೊಂಡು ಹೊಕ್ಕಾರೇನು? ಚಲೋದು ಒಂದು ಹಿಡಿ ಆರಿಸಿ, ಹಸನು ಮಾಡಿ ಒಯ್ತಾರ. ಬಳ್ಳಾರಿ ಮಂದಿ ಮುಂದ ನನ್ನ ಸವಳು ಸುರಿಬೇಕಿತ್ತೇನು?"

ಸಿರುಗುಪ್ಪದ ಕಡೆ ಭತ್ತ ಮಾರುವ ಪದ್ಧತಿಯೇ ಅದು. ಮಿಲ್ಲಿನವನು ಅಂಗೈಯಲ್ಲಿ ಒಂದು ಹಿಡಿ ನೋಡಿ ಇಡೀ ರಾಶಿಗೆ ದರ ಹೇಳುತ್ತಾನೆ. ಆದ್ದರಿಂದ ಆ ಒಂದು ಹಿಡಿ ಯಾವಾಗಲೂ ರಾಶಿಗಿಂತ ಚೆನ್ನಾಗಿರುತ್ತದೆ. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ಇಂಥವರ ಕೈಗೆ ಚೀಲ ಕೊಟ್ಟು ಸ್ಯಾಂಪಲ್ ತನ್ನಿ ಎಂದರೆ ಇನ್ನೇನು ತರುತ್ತಾರೆ? ಮಾರೇಶ ಸೋಮಾರಿ, ಆದರೆ ಕಳ್ಳನಲ್ಲ. ಒಬ್ಬ ಕಳ್ಳನನ್ನು ನೋಡಲು ಎರಡು ಬಸ್ಸು ಹತ್ತಿ ಬಂದವಳಿಗೆ ಸತ್ಯವಾಗಿಯೂ ನಿರಾಸೆಯಾಯಿತು. ತಂದಿದ್ದ ತಿರಸ್ಕಾರವನ್ನು ಎಲ್ಲಾದರೂ ಇಳಿಸಬೇಕಿತ್ತು. ಜರಡಿ ಹಿಡಿದ ಮಣ್ಣನ್ನು ಕೈಯಲ್ಲಿ ಹಿಡಿದೂ 'ಉತ್ತಮ' ಎಂದು ಬರೆದವಳು ಯಾರು? ಒಂಬತ್ತು ವರ್ಷದಲ್ಲಿ ಇಂಥ ಎಷ್ಟು ಚೀಲಗಳಿಗೆ ಎರಡನೆಯ ದಶಾಂಶದವರೆಗೆ ಕರಾರುವಾಕ್ಕಾದ ಸುಳ್ಳು ಬರೆದಿರಬಹುದು? ಆ ಲೆಕ್ಕ ಇನ್ನು ಯಾರಿಗೂ ಸಿಗುವುದಿಲ್ಲ.

"ಆ ಮಣ್ಣಿನ ಮ್ಯಾಲ ವರದಿ ಬರದ್ರ ನಿಮಗ ಜಿಪ್ಸಂ ಸಿಗಂಗಿಲ್ಲ," ಎಂದೆ. "ಸವಳು ಇದ್ದೋರಿಗೆ ಮಾತ್ರ ಕೊಡೋದು."

"ಇದೊಳ್ಳೆ ನ್ಯಾಯ! ಕೊಡೋದಾದ್ರ ಚಲೋ ಹೊಲಕ್ಕ ಕೊಡಬೇಕು. ಸತ್ತ ಎಮ್ಮಿಗೆ ಯಾರರೆ ಮೇವು ಹಾಕ್ತಾರೇನು?"

"ಸತ್ತಿಲ್ಲ. ಮದ್ದು ಹಾಕಿ, ನೀರು ಕಟ್ಟಿ ಬಸಿದ್ರ ಎರಡು ಮೂರು ಬೆಳಿಗೆ ಸುಧಾರಿಸತೈತಿ. ನಡ್ರಿ, ನಿಮ್ಮ ಹೊಲದ್ದ ಮಣ್ಣು ತಗೊಳ್ಳೋಣ."

ಅವಳು ಏಳಲಿಲ್ಲ. ಎರಡು ವರ್ಷದಿಂದ ನಾಟಿ ಸುಟ್ಟಿದೆ ಎಂದು ಪಕ್ಕದವಳು ಹೇಳಿದಳು. ಈ ಸಲವೂ ಸುಟ್ಟರೆ ಹೊಲ ಬೀಳು ಬಿಟ್ಟು, ಸಾಯುವ ತನಕ ಗೌಡರ ಹೊಲದಲ್ಲೇ ಕೂಲಿ. ಹಂಪಮ್ಮ ಅವಳನ್ನು ಗದರಿಸಿ ನನಗೆ ಹೇಳಿದಳು: "ಬ್ಯಾಡವ್ವಾ. ಸವಳು ಅಂತ ಬಾಯಿಲೆ ಅಂದ್ರ ಗಾಳಿಗೆ ಹೊಕ್ಕೈತಿ. ಸರಕಾರದ ಕಾಗದದಾಗ ಬಂದ್ರ ಅಳಿಸಾಕ ಬರಂಗಿಲ್ಲ. ನಾಳಿ ಗುತ್ತಿಗಿಗೂ ಯಾರೂ ಕೇಳಂಗಿಲ್ಲ."

"ಸರಕಾರದ್ದಲ್ಲ. ನಮ್ಮದು ಬರೇ ಲ್ಯಾಬು."

"ಹಂಗಾದ್ರ ನಿನಗೇನು ಕೊಡ್ತಾರ ಇದಕ್ಕ?"

"ಏನಿಲ್ಲ. ಇವತ್ತು ರಜಾ."

"ಮತ್ಯಾಕ ಬಂದಿ?"

ನಿನ್ನ ಹೊಲಕ್ಕಾಗಿ ಎಂದು ಹೇಳಬಹುದಿತ್ತು. ಜಂಬುನಾಥನಾಗಿದ್ದರೆ ಕಣ್ಣಲ್ಲಿ ನೀರು ತಂದುಕೊಂಡೇ ಹೇಳುತ್ತಿದ್ದ. ಮಾರೇಶನನ್ನು ಹಿಡಿಯಲು ಎಂದರೆ ಬೆಳಿಗ್ಗೆಯ ಮಟ್ಟಿಗೆ ನಿಜ, ಆದರೆ ಆ ಕಾರಣ ಹತ್ತು ನಿಮಿಷದ ಹಿಂದೆ ಮುಗಿದಿತ್ತು. ಆದರೂ ನಾನು ಬಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಅಂಕಿ ತಪ್ಪಾಗಿತ್ತು," ಎಂದೆ.

"ಅಷ್ಟ?"

"ಅಷ್ಟ."

"ಅದಕ್ಕ ಬಳ್ಳಾರಿಲಿಂದ ಬಂದಿ, ಈ ಬಿಸಲಾಗ?" ಅವಳು ನನ್ನ ಮುಖವನ್ನೇ ನೋಡಿದಳು. "ಗಂಡ ಬಿಟ್ಟಾನೇನು?"

"ಮದಿವಿನ ಆಗಿಲ್ಲ."

"ಗೊತ್ತಾತು ಬಿಡು."

ಮೂವರೂ ನಕ್ಕರು. ನನಗೂ ನಗು ಬಂತು, ಆದರೆ ಬೇರೆ ಕಾರಣಕ್ಕೆ. ಹೋಟೆಲಿನಲ್ಲಿ ಎದೆಯ ಮೇಲೆ ಕೈಯಿಟ್ಟು ಹುಡುಕಿಸಿದ್ದು ಇದೇ ಆಗಿದ್ದರೆ ಎಂಥ ಬಡ ಸಾಮಾನು ಅದು! ಬೆಂಕಿಯಲ್ಲ, ದೀಪವೂ ಅಲ್ಲ. ತಪ್ಪು ಅಂಕಿಯೊಂದು ಪುಟದ ಮೇಲೆ ಉಳಿದರೆ ಚಪ್ಪಲಿಯಲ್ಲಿ ಹರಳು ಸಿಕ್ಕಂತಾಗುವುದು, ಅಷ್ಟೇ. ಚಪ್ಪಾಳೆ ತಟ್ಟಿ ಹಚ್ಚುವಂಥದ್ದಲ್ಲ, ಯಾರಿಗೂ ಮಾರಲು ಬರುವಂಥದ್ದೂ ಅಲ್ಲ. ಆದರೆ ಯಾರೂ ಕೊಟ್ಟದ್ದಲ್ಲ, ಕಾಲೇಜಿಗೂ ಮೊದಲಿನಿಂದ ನನ್ನಲ್ಲೇ ಇತ್ತು. ಒಂಬತ್ತು ವರ್ಷ ಅದರ ಬಾಯಿಗೆ ಒಂದು ಅಚ್ಚಿನ ಸಾಲು ತುರುಕಿ ಸುಮ್ಮನಿರಿಸಿದ್ದವಳು ನಾನೇ.

ನನ್ನ ಹಟಕ್ಕೋ, ಮದುವೆಯಾಗದವಳ ಮೇಲಿನ ಮರುಕಕ್ಕೋ, ಹಂಪಮ್ಮ ಸನಿಕೆ ತೆಗೆದುಕೊಂಡು ಎದ್ದಳು.

ಅವಳ ಹೊಲಕ್ಕೆ ಕಾಲುಗಂಟೆ ನಡಿಗೆ. ದೂರದಿಂದಲೇ ಗೊತ್ತಾಗುತ್ತಿತ್ತು, ಎರೆಮಣ್ಣಿನ ಮೇಲೆ ಅಲ್ಲಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪದರ. ಬದುವಿನ ಮೇಲೆ ನಿಂತ ಕ್ಷಣ ಅವಳ ಮುಖ ಸಣ್ಣದಾಯಿತು. ಆಮೇಲೆ ಸೆರಗು ಬಿಗಿದು, ದಡದಡ ಇಳಿದು, ಮೂಲೆಯಲ್ಲಿ ಹುಲ್ಲು ಕೂಡ ಹುಟ್ಟದ ಜಾಗಕ್ಕೆ ಹೋಗಿ ಸನಿಕೆ ಊರಿದಳು.

"ಸವಳ ಬೇಕಂದಿಯಲ್ಲ? ತಗೋ. ಇದಕ್ಕಿಂತ ಕೆಟ್ಟದ್ದು ಈ ಊರಾಗ ಇಲ್ಲ."

ಜರಡಿಯ ಮಾತು ಹೇಳುವಾಗಿನ ಹೆಮ್ಮೆಯೇ ಈಗಲೂ ಇತ್ತು.

"ಅದೊಂದ ಬ್ಯಾಡ," ಎಂದೆ. "ಆ ಮೂಲಿಯಿಂದ ಈ ಮೂಲಿಗೆ ಹಾವು ಹರದಂಗ ಸೊಟ್ಟಕ ನಡಕೋತ ಹತ್ತು ಕಡಿ ತಗಿಬೇಕು. ಚಲೋದು ಆರಿಸಬ್ಯಾಡ, ಕೆಟ್ಟದ್ದೂ ಆರಿಸಬ್ಯಾಡ. ಹೊಲ ಹೆಂಗೈತೋ ಹಂಗ."

"ಆರಿಸದ ಯಾರರೆ ಸ್ಯಾಂಪಲ್ ತಗೀತಾರೇನು?" ಎಂದು ಗೊಣಗಿದಳು, ಆದರೆ ನಡೆದಳು.

ಗೇಣುದ್ದದ ಗುಂಡಿ ತೋಡುವುದು, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ತೆಳು ಹೋಳು ಕೆತ್ತಿ ಬಕೆಟ್ಟಿಗೆ ಹಾಕುವುದು. ಹತ್ತೂ ಕಡೆಯದನ್ನು ಕಲಸಿ, ಗುಪ್ಪೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎಸೆಯುವುದು. ಉಳಿದದ್ದು ಅರ್ಧ ಕಿಲೋ ಆಗುವವರೆಗೆ ಹಾಗೆಯೇ. ಪ್ರಯೋಗಾಲಯದ ಗೋಡೆಯಲ್ಲಿ ಇದರ ಚಿತ್ರಪಟ ತೂಗುಹಾಕಿ ನೂರಾರು ಜನಕ್ಕೆ ಪಾಠ ಹೇಳಿದ್ದೆ. ಸನಿಕೆ ಇಸಿದುಕೊಂಡು ಸ್ವಂತ ಕೈಯಿಂದ ಮಾಡಿದ್ದು ಅದೇ ಮೊದಲು. ಆರನೆಯ ಗುಂಡಿಗೆ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಹಂಪಮ್ಮ ನೋಡಿ, "ಬಳ್ಳಾರಿ ಕೈ," ಎಂದು ಸನಿಕೆ ಕಸಿದುಕೊಂಡಳು.

ಸೋಮವಾರ ಬೆಳಿಗ್ಗೆ ಅಳೆದೆ. 9.14. ಮೂರು ಸಲವೂ ಅಷ್ಟೇ. ಅದೊಂದು ವರದಿಗೆ ಸಹಿ ಹಾಕಿ, ನಲವತ್ತೆರಡನ್ನು ಸಹಿಯಿಲ್ಲದೆ ದೊಡ್ಡಬಸವರಾಜರ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ.

"ಕಂಪನಿಯೋರು ಕಾಯಾಕತ್ಯಾರ, ಮೇಡಂ."

"ಕಾಯಲ್ರಿ. ಇವು ನಲವತ್ತೆರಡೂ ಮರಿಬಸಪ್ಪ ಗೌಡ್ರ ಒಂದ ಹೊಲದ ವರದಿ. ಅವ್ರಿಗೆ ಬೇಕಾದ್ರ ಕಳಿಸ್ರಿ."

"ಬ್ಯಾರೆ ಕೆಮಿಸ್ಟ್ ಸಿಗಂಗಿಲ್ಲ ಅಂದಕೊಂಡೀರೇನು?"

"ಸಿಕ್ರ ತರ್ರಿ. ಆ ಫ್ಯಾನಿನ ಕೆಳಗ ಒಂದು ದಿನ ಕುಂದ್ರಿಸಿ ನೋಡ್ರಿ."

ಅವರು ಫ್ಯಾನಿನ ದಿಕ್ಕಿಗೆ ನೋಡಿದರು, ನಂತರ ಕ್ಯಾಲೆಂಡರಿನ ದಿಕ್ಕಿಗೆ. ಒಂದು ವಾರ ಕೊಟ್ಟರು. ನನ್ನ ಸ್ವಂತ ರಜೆಯಲ್ಲಿ. ಧರ್ಮ ಮಾಡಿದವರ ಮುಖವಿತ್ತು.

ಹೊರಗೆ ಬಂದು ಮಾರೇಶನಿಗೆ ಹೇಳಿದೆ: "ನೀನು ಕಳ್ಳ ಅಲ್ಲ. ಸೋಮಾರಿ ಅಷ್ಟ. ನಾಳಿಯಿಂದ ನನ್ನ ಕೂಡ ಕರೂರಿಗೆ ಬರ್ತಿ."

"ಥ್ಯಾಂಕ್ಸ್ರೀ ಮೇಡಂ," ಎಂದ, ಮನಃಪೂರ್ವಕವಾಗಿ.

ಅಂದು ಸಂಜೆಗೆ ಸುದ್ದಿ ಜಂಬುನಾಥನಿಗೂ ಮುಟ್ಟಿತ್ತು. ವಾಟ್ಸಾಪಿನಲ್ಲಿ ಹಾಕಿದ್ದ: 'ನನ್ನ ಒಂದೇ ತರಬೇತಿ! ಭಾನುವಾರವನ್ನೇ ಹೊಲಕ್ಕೆ ಅರ್ಪಿಸಿದ ವಿಜ್ಞಾನಿ!' ಕೆಳಗೆ ಬೆಂಕಿಯ ಮೂರು ಚಿತ್ರ. ಹಳೆಯ ಯಶೋಧರಾ ಆಗಿದ್ದರೆ ರಾತ್ರಿಯೆಲ್ಲ ಉತ್ತರ ತಿದ್ದುತ್ತ ಕೂಡುತ್ತಿದ್ದಳು. ನನಗೆ ನಲವತ್ತೆರಡು ಚೀಟಿ ಬರೆಯುವುದಿತ್ತು.

ಮಂಗಳವಾರ ಮಾರೇಶನ ಜೊತೆ ಕರೂರಿನಲ್ಲಿ ಇಳಿದಾಗ, ಹಿಂದಿನ ಸಂಜೆ ಫೋನಿನಲ್ಲಿ ತನ್ನ ಅಂಕಿ ಕೇಳಿಕೊಂಡಿದ್ದ ಹಂಪಮ್ಮ ಸನಿಕೆ ಹಿಡಿದು ನಿಂತಿದ್ದಳು.

"ಇಷ್ಟೊತ್ತೇನು? ಬಿಸಲು ನೆತ್ತಿಗೆ ಬಂತು. ಕೂಲಿ ಬಿಟ್ಟು ನಿಂತೀನಿ ಇಲ್ಲಿ."

ಮೊದಲ ಹೊಲ ಗಾಳೆಪ್ಪನದು, ಹಂಪಮ್ಮನ ಹೊಲಕ್ಕೆ ಹೊಂದಿಕೊಂಡದ್ದು. ಅವನು ಕೈಕಟ್ಟಿ ಬದುವಿನ ಮೇಲೆ ಅಡ್ಡ ನಿಂತಿದ್ದ. ತನ್ನ ಮಣ್ಣಿಗೆ ಏನೂ ಆಗಿಲ್ಲ, ಚೀಲ ಆಗಲೇ ಕೊಟ್ಟಾಗಿದೆ, ಯಾರೂ ಇಳಿಯುವಂತಿಲ್ಲ ಎಂದ. ನಾನು ವರದಿ, ಜಿಪ್ಸಂ, ಪಟ್ಟಿ ಎಂದು ಕ್ರಮವಾಗಿ ವಿವರಿಸತೊಡಗಿದೆ. ಹಂಪಮ್ಮ ನನ್ನನ್ನು ಬದಿಗೆ ಸರಿಸಿದಳು.

"ಲೇ ಗಾಳೆಪ್ಪ, ನಿನ್ನ ಹೊಲ ಹೆಂಗೈತಿ ಅಂತ ಊರಿಗೆಲ್ಲ ಗೊತ್ತೈತಿ. ಕೊಕ್ಕರಿಗೂ ಗೊತ್ತೈತಿ, ಅದಕ್ಕ ಇಳಿಯಂಗಿಲ್ಲ. ನನ್ನದು ಒಂಬತ್ತರ ಮ್ಯಾಲ ಬಂದೈತಿ, ಬರಸಿಕೊಂಡೀನಿ. ನಿಂದೇನು ಬಂಗಾರಾ? ಸರಿ ಅತ್ತಾಗ."

ಅವಳು ಅವನನ್ನು ದಾಟಿ ಇಳಿದಳು. ನೇರ ಬಿಳಿ ಪದರದ ಕಡೆ ಹೊರಟಿದ್ದವಳು ಅರ್ಧ ದಾರಿಯಲ್ಲಿ ನಿಂತು, ತಿರುಗಿ ನನ್ನನ್ನು ನೋಡಿ, ಹತ್ತು ಹೆಜ್ಜೆ ಎಡಕ್ಕೆ ಸರಿದು ಸನಿಕೆ ಊರಿದಳು.

"ಅಲ್ಲಿ ಬ್ಯಾಡಬೇ, ಅಲ್ಲಿ ಚಲೋ ಐತಿ!" ಎಂದು ಗಾಳೆಪ್ಪ ಕೂಗಿದ. "ಜಿಪ್ಸಂ ಬರಬೇಕಂದ್ರ ಆ ಬೆಳ್ಳಗಿಂದು ತಗೀ!"

"ಬಾಯಿ ಮುಚ್ಚಿಕೊಂಡು ಬಂದು ಬಕೀಟು ಹಿಡಿ," ಎಂದಳು ಹಂಪಮ್ಮ.